ಹದಿಮೂರನೆಯ ತಿಂಗಳಲ್ಲಿ ಹುಟ್ಟಿದವರು

ನೂರಾ ಅರವತ್ತಮೂರು ಜನರ ಹೆಸರನ್ನು ಮನೆ ಹಂಚುವ ಪಟ್ಟಿಯಿಂದ ತೆಗೆದುಹಾಕಲಾಯಿತು. ಅವರು ಹನ್ನೆರಡು ವರ್ಷದಿಂದ ಕಾದವರು. ತೆಗೆಯಲು ಹಿಡಿದ ಹೊತ್ತು ಒಂದು ಸೆಕೆಂಡು. ಚೀಟಿ ಎತ್ತಿದ ದಿನ ಅವರೂ ಸಭಾಂಗಣಕ್ಕೆ ಬಂದಿದ್ದರು, ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು, ಮನೆಗೆ ಹೋದರು.

ಅದಾದ ಎಂಟನೆಯ ದಿನ ಪಗುಮೆ ಎರಡು. ಮೂವತ್ತು ಮೂವತ್ತು ದಿನಗಳ ಹನ್ನೆರಡು ತಿಂಗಳು ಮುಗಿದ ಮೇಲೂ ನಮ್ಮ ವರ್ಷ ತುಂಬುವುದಿಲ್ಲ. ಐದು ದಿನ ಉಳಿಯುತ್ತದೆ, ನಾಲ್ಕು ವರ್ಷಕ್ಕೊಮ್ಮೆ ಆರು. ಆ ಐದೇ ದಿನದ ಹದಿಮೂರನೆಯ ತಿಂಗಳು ಪಗುಮೆ. ನೌಕರಿಯವರು ಅದನ್ನು ಸಂಬಳವಿಲ್ಲದ ತಿಂಗಳು ಎಂದು ಬೈಯುತ್ತಾರೆ. ಮುದುಕಿಯರು ಬೈಯುವುದಿಲ್ಲ. ಹಳೆ ವರ್ಷ ಬಾಗಿಲು ಮುಚ್ಚಿಕೊಂಡಿದೆ, ಹೊಸದು ಇನ್ನೂ ತೆರೆದಿಲ್ಲ, ಈ ಐದು ದಿನ ನಾವು ಯಾರ ಮನೆಯವರೂ ಅಲ್ಲ, ಜಗಲಿಯ ಮೇಲೆ ಕೂತವರು ಎನ್ನುತ್ತಾರೆ. ವೊಲ್ಲೋ ಬೆಟ್ಟಗಳ ನಡುವಿನ ಆ ಊರಿನಲ್ಲಿ ಆ ಮಾತು ನಿಜವೆಂದೇ ಕಾಣುತ್ತಿತ್ತು. ಮಂಜು ಬೆಟ್ಟದಿಂದ ಇಳಿದು ಬೀದಿಗಳಲ್ಲಿ ಬಿಡಾಡಿ ದನದ ಹಾಗೆ ಅಡ್ಡಾಡುತ್ತಿತ್ತು. ಮಸೀದಿಯ ಮಿನಾರು ಒಂದು ಗಳಿಗೆ ಇರುತ್ತಿತ್ತು, ಮರುಗಳಿಗೆ ಇರುತ್ತಿರಲಿಲ್ಲ. ಚರ್ಚಿನ ಗಂಟೆ ನೀರಿನಡಿಯಿಂದ ಬಾರಿಸಿದ ಹಾಗೆ ಕೇಳುತ್ತಿತ್ತು.

ವಸತಿ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ತಿರುವರ್ಕ್ ಒಬ್ಬಳೇ ಕೂತಿದ್ದಳು. ಮೂವತ್ತನಾಲ್ಕು ವಯಸ್ಸು, ಆರು ವರ್ಷದ ನೌಕರಿ. ಹನ್ನೊಂದು ಸಾವಿರ ಅರ್ಜಿಗಳನ್ನು ಕಾಗದದಿಂದ ಕಂಪ್ಯೂಟರಿಗೆ ಇಳಿಸಿ, ಚೀಟಿಗೆ ಸಿದ್ಧಮಾಡಿ ಕೊಟ್ಟವಳು ಅವಳೇ. ಮಂಜಿನೊಳಗಿಂದ ಒಂದು ಕೈ ಬಂದು ಕಿಟಕಿಯ ಸರಳು ಹಿಡಿಯಿತು. ಮುಖ ಆಮೇಲೆ ಬಂತು. ಬಿಸಿ ಕಾವಲಿಯ ಮುಂದೆ ವರ್ಷಗಟ್ಟಲೆ ಬೆಂದು ತೊಗಲು ಗಟ್ಟಿಯಾದ ಕೈ ಅದು.

"ಗೋಡೆ ಮೇಲೆ ಎರಡು ಪಟ್ಟಿ ಅಂಟ್ಸಿದ್ದೀರಲ್ಲ ಮಗಳೇ," ಎಂದಳು ಮುದುಕಿ. "ಮನೆ ಸಿಕ್ಕಿದೋರ್ದು ಒಂದು, ಮುಂದಿನ ಸಲಕ್ಕೆ ಕಾಯೋರ್ದು ಒಂದು. ಎರಡ್ರಲ್ಲೂ ನಾನಿಲ್ಲ."

"ಸರಿಯಾಗಿ ನೋಡಿದ್ರಾ ಎತ್ಯೆ?" ಹಿರಿಯ ಹೆಂಗಸರನ್ನು ಅಲ್ಲಿ ಎಲ್ಲರೂ ಎತ್ಯೆ ಎಂದೇ ಕರೆಯುವುದು. "ಹನ್ನೊಂದು ಸಾವಿರ ಹೆಸ್ರಿದೆ."

"ಮೂರು ದಿನ ನೋಡ್ದೆ. ನನ್ನ ಮೊಮ್ಮಗಳು ನೋಡಿದ್ಳು. ಪಕ್ಕದ ಮನೆ ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದ್ರು. ನಿಮ್ಮ ಗೋಡೆ ನನಗಿಂತ ಚೆನ್ನಾಗಿ ಅವರಿಗೆ ಬಾಯಿಪಾಠ ಆಗಿದೆ ಈಗ."

ಅವಳ ಹೆಸರು ಲುಬಾಬಾ. ನಲವತ್ತು ವರ್ಷದಿಂದ ಊರಿನ ಹೋಟೆಲುಗಳಿಗೆ ಇಂಜೆರಾ ಎಂಬ ಹುಳಿದೋಸೆ ಹುಯ್ದು ಕೊಡುವವಳು. ಬಾಡಿಗೆ ಕೋಣೆ, ತಗಡಿನ ಮಾಡು, ಮಳೆಗಾಲದಲ್ಲಿ ಹಿಟ್ಟಿನ ಪಾತ್ರೆಯ ಮೇಲೆ ಪ್ಲಾಸ್ಟಿಕ್ಕು ಹೊದಿಸಿ ತಾನು ನೆನೆಯುತ್ತ ಮಲಗುವವಳು. ಎದೆಯೊಳಗಿಂದ ಮಡಿಚಿದ ರಸೀತಿ ತೆಗೆದು ಸರಳಿನ ನಡುವೆ ತೂರಿಸಿದಳು. ತಿರುವರ್ಕ್ ನಂಬರು ಒತ್ತಿದಳು. ಪಟ್ಟಿಯಲ್ಲಿ ಇರಲಿಲ್ಲ. ಮತ್ತೊಮ್ಮೆ ಒತ್ತಿದಳು.

"ಇದ್ಯಾ?"

"ಸ್ವಲ್ಪ ತಾಳಿ ಎತ್ಯೆ."

"ಹನ್ನೆರಡು ವರ್ಷ ತಾಳಿದೀನಿ. ಸ್ವಲ್ಪ ಅಂದ್ರೆ ಇನ್ನೆಷ್ಟು ಅಂತ ಹೇಳಿದ್ರೆ ಕಾಫಿಗಾದ್ರೂ ನೀರಿಟ್ಟು ಬರ್ತೀನಿ."

ತಿರುವರ್ಕ್‌ಗೆ ಒಂದು ಅಭ್ಯಾಸವಿತ್ತು. ಕಂಪ್ಯೂಟರಿಗೆ ಕೆಲಸ ಹೇಳುವ ಯಾವ ಸ್ಕ್ರಿಪ್ಟ್ ಬರೆದರೂ, ಅದು ಕಿತ್ತೆಸೆದ ಸಾಲುಗಳನ್ನು ಪೂರ್ತಿ ಎಸೆಯದೆ 'ಉಳಿಕೆ' ಎಂಬ ಬೇರೆ ಫೈಲಿನಲ್ಲಿ ಇಡುತ್ತಿದ್ದಳು. ಇಟ್ಟದ್ದನ್ನು ತೆರೆದು ನೋಡುವ ಅಭ್ಯಾಸ ಮಾತ್ರ ಇರಲಿಲ್ಲ. ಅವತ್ತು ತೆರೆದಳು. ಲುಬಾಬಾ ಅಲ್ಲಿದ್ದಳು. ಹುಟ್ಟಿದ ದಿನ ಮೂರು, ತಿಂಗಳು ಹದಿಮೂರು. ಅವಳ ಕೆಳಗೆ ಒಬ್ಬ ದರ್ಜಿ, ದಿನ ಒಂದು, ತಿಂಗಳು ಹದಿಮೂರು. ಅವನ ಕೆಳಗೆ ಒಬ್ಬಳು ನರ್ಸು. ಆಮೇಲೆ ಅವಳಿ ಅಣ್ಣತಮ್ಮಂದಿರು. ಹದಿಮೂರು, ಹದಿಮೂರು, ಹದಿಮೂರು. ನೂರಾ ಅರವತ್ತಮೂರು ಸಾಲಿನವರೆಗೂ ಅದೇ. ಪಗುಮೆಯಲ್ಲಿ ಹುಟ್ಟಿದವರೆಲ್ಲ ಗುಂಪಾಗಿ ಅಲ್ಲಿ ಕೂತಿದ್ದರು, ಯಾರೂ ಕರೆಯದ ಮದುವೆಯ ದಿಬ್ಬಣದ ಹಾಗೆ.

ಆ ಸ್ಕ್ರಿಪ್ಟ್ ಎಂಟು ಸಾಲಿನದು. 'ತಪ್ಪು ತಾರೀಕಿನ ಸಾಲು ಕೀಳುವುದು' ಎಂದು ಅದರ ಹೆಸರು. ಹಿಂದೆ ಪರಿಹಾರ ಸಂಸ್ಥೆಯೊಂದರ ಗೋದಾಮಿನಲ್ಲಿದ್ದಾಗ ಅವಳು ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡಿದ್ದಳು. ಅಲ್ಲಿಯ ಕಾಗದಗಳೆಲ್ಲ ಫೆರೆಂಜಿಗಳವು, ಹೊರದೇಶದವರವು, ತಾರೀಕುಗಳೂ ಫೆರೆಂಜಿಗಳವೇ. ಬರೆದವನು ಯಾವ ದೇಶದವನೋ, ಅವನ ವರ್ಷಕ್ಕೆ ಹನ್ನೆರಡೇ ತಿಂಗಳು. ತಿಂಗಳು ಹನ್ನೆರಡಕ್ಕಿಂತ ಹೆಚ್ಚಿದ್ದರೆ ಸಾಲು ತೆಗೆ, ಎಂದು ನಾಲ್ಕನೆಯ ಸಾಲು ಹೇಳುತ್ತಿತ್ತು. ಈ ಕಚೇರಿಯಲ್ಲಿ ಚೀಟಿಗೆ ಎರಡು ದಿನ ಉಳಿದಿದ್ದಾಗ, ಮೇಲಿನವರು ಬೇಗ ಬೇಗ ಎನ್ನುತ್ತಿದ್ದಾಗ, ಅದೇ ಎಂಟು ಸಾಲನ್ನು ಹಳೆಯ ಜಾಗದಿಂದ ಎತ್ತಿ ಹೊಸ ಜಾಗದಲ್ಲಿ ಇಟ್ಟಳು. ಇಪ್ಪತ್ತು ಅರ್ಜಿಗಳ ಮೇಲೆ ಓಡಿಸಿ ನೋಡಿದಳು. ಆ ಇಪ್ಪತ್ತರಲ್ಲಿ ಪಗುಮೆಯವರು ಒಬ್ಬರೂ ಇರಲಿಲ್ಲ. ತಾನು ಪ್ರತಿವರ್ಷ ಐದು ದಿನ ಬದುಕುವ ತಿಂಗಳನ್ನು ತಾನೇ ಇಲ್ಲವೆಂದು ಬರೆದಳು.

"ಏನೋ ಸಿಕ್ತು ನಿಂಗೆ," ಎಂದಳು ಲುಬಾಬಾ. "ಮುಖ ಹುಳಿ ಹೆಚ್ಚಾದ ಹಿಟ್ಟಿನ ಹಾಗಾಯ್ತು."

"ತಪ್ಪು ನಿಮ್ಮದಲ್ಲ, ಎತ್ಯೆ."

"ಅದು ನಂಗೊತ್ತು. ಯಾರದ್ದು?"

ತಿರುವರ್ಕ್ ಉಳಿಕೆ ಫೈಲನ್ನು ಮುಚ್ಚಿದಳು. "ಪಗುಮೆ ನಾಲ್ಕಕ್ಕೆ ಬನ್ನಿ," ಎಂದಳು.

"ನಾಳೆ ನಂಗೆ ಅರವತ್ತು ತುಂಬುತ್ತೆ," ಎಂದು ಲುಬಾಬಾ ರಸೀತಿಯನ್ನು ಮಡಿಚಿದಳು. "ಪಗುಮೆ ಮೂರು. ನನ್ನ ಹೆತ್ತಾಗ ನಮ್ಮಮ್ಮನ ಮೈಮೇಲೆ ಮಾಡು ಸೋರ್ತಿತ್ತಂತೆ. ಸೂರಿರೋ ಮನೇಲಿ ಸಾಯ್ತೀಯ ಅಂತ ಅವಳೇ ಹೇಳಿದ್ಳು. ಬರ್ತೀನಿ ಮಗಳೇ." ಕೈ ಸರಳಿನಿಂದ ಬಿಟ್ಟುಕೊಂಡಿತು, ಮಂಜು ಅವಳನ್ನು ನುಂಗಿತು.

ಆ ದಿನ ಮಧ್ಯಾಹ್ನ ಗೆಳತಿ ಬೆಲಾಯ್ನೆಶ್ ಮನೆಯಲ್ಲಿ ಮಾಹಬರ್ ಇತ್ತು. ಉಳಿದವರ ಮಾಹಬರುಗಳಲ್ಲಿ ಸಂತರ ಹೆಸರು ಹೇಳಿ ತಿಂಗಳಿಗೊಬ್ಬರ ಮನೆಯಲ್ಲಿ ರೊಟ್ಟಿ ಮುರಿಯುತ್ತಾರೆ. ಇವರದಕ್ಕೆ ಸಂತರಿಲ್ಲ. ಆರು ಕಚೇರಿಗಳ ಆರು ಜನ ಸೇರಿ, ತಿಂಗಳಿಗೊಬ್ಬರ ಮನೆಯಲ್ಲಿ ಕಾಫಿ ಕುಡಿದು, ದಿನದ ಕೆಲಸಕ್ಕೆ ಬೇಕಾಗುವ ಪುಟ್ಟ ಪುಟ್ಟ ಸ್ಕ್ರಿಪ್ಟುಗಳನ್ನು ಒಬ್ಬರಿಂದೊಬ್ಬರು ಬರೆದುಕೊಳ್ಳುತ್ತಿದ್ದರು. ಕರೆಂಟು ಹೋದರೆ ಮೂರು ದಿನ, ನೆಟ್‌ವರ್ಕು ಹೋದರೆ ವಾರ ಬಾರದ ಊರು. ಹಾಗಾಗಿ ಎಲ್ಲವೂ ದಪ್ಪ ರಟ್ಟಿನ ಒಂದು ಪುಸ್ತಕದಲ್ಲಿ, ಕೈಬರಹದಲ್ಲಿ. ಸಾವಿರ ಫೋಟೋಗಳಿಗೆ ಒಟ್ಟಿಗೆ ಹೆಸರಿಡುವುದು. ಎರಡು ಪಟ್ಟಿ ಹೋಲಿಸಿ ಬೇರೆಯಿದ್ದದ್ದನ್ನು ಹೇಳುವುದು. ಖಾಲಿ ಸಾಲು ಕೀಳುವುದು. ಆತಿಥೇಯರು ಹೊಸ ತುಣುಕನ್ನು ಗಟ್ಟಿಯಾಗಿ ಓದುತ್ತಾರೆ, ಉಳಿದವರು ತಲೆಬಗ್ಗಿಸಿ ಬರೆದುಕೊಳ್ಳುತ್ತಾರೆ. ಕಿಟಕಿಯಾಚೆಯಿಂದ ಕೇಳಿದವರಿಗೆ ಅದು ಜಪದ ಹಾಗೆ ಕೇಳುತ್ತಿತ್ತು. ಧೂಪದ ಹೊಗೆಯಲ್ಲಿ, ಕಾಫಿ ಬೀಜ ಹುರಿಯುವ ಚಟಪಟದಲ್ಲಿ, ಆವರಣ ತೆರೆ, ಆವರಣ ಮುಚ್ಚು ಎನ್ನುವ ಮಾತುಗಳು ತೇಲಾಡುತ್ತಿದ್ದವು.

ತಿರುವರ್ಕ್ ಅವತ್ತು ಪೆನ್ನು ಹಿಡಿಯಲಿಲ್ಲ. ಮೊದಲ ಸುತ್ತಿನ ಕಾಫಿ ಮುಗಿಯುವ ಮುಂಚೆಯೇ ಎಲ್ಲ ಹೇಳಿದಳು.

ಎಂಡ್ರಿಸ್ ನಗಾಡಿದ. ಅವನು ಶಾಲೆಗಳ ಊಟದ ಪಟ್ಟಿ ನೋಡಿಕೊಳ್ಳುವವನು, ಎಲ್ಲದಕ್ಕೂ ಮೊದಲು ನಗುವವನು. "ನೀನು ವರ್ಷಾನೇ ಚಿಕ್ಕದು ಮಾಡಿದ್ಯಲ್ಲ ತಂಗೀ. ಈ ಐದು ದಿನಕ್ಕೂ ಬಾಡಿಗೆ ಕೇಳೋ ನನ್ನ ಮನೆ ಓನರ್‌ಗೆ ಗೊತ್ತಾದ್ರೆ ನಿನ್ನ ಮೇಲೆ ಕೇಸು ಹಾಕ್ತಾಳೆ."

"ನಗ್ಬೇಡ. ಎಲ್ಲಿತ್ತು ಅದು?" ಎಂದಳು ಬೆಲಾಯ್ನೆಶ್. ಕಾಲೇಜಿನ ಲೈಬ್ರರಿಯವಳು. ಪುಸ್ತಕ ಎಳೆದುಕೊಂಡು ಹಾಳೆ ತಿರುಗಿಸಿದಳು. "ಇಲ್ಲೇ ಇದೆ. ನಿನ್ನದೇ ಅಕ್ಷರ. ಎರಡು ವರ್ಷದ ಹಿಂದೆ ಓದಿ ಬರೆಸಿದ್ದೀಯ ನಮಗೆಲ್ಲ."

ಎಂಡ್ರಿಸ್‌ನ ನಗು ಅಲ್ಲೇ ನಿಂತಿತು. ಕಪ್ಪನ್ನು ಕೆಳಗಿಟ್ಟ.

"ಏನು?" ಎಂದಳು ತಿರುವರ್ಕ್.

"ನಾನೂ ಅದನ್ನೇ ಓಡಿಸ್ತಿದೀನಿ," ಎಂದ ನಿಧಾನವಾಗಿ. "ಪ್ರತಿವರ್ಷ ಹತ್ತು ಹನ್ನೆರಡು ಮಕ್ಕಳು 'ತಾರೀಕು ತಪ್ಪು' ಅಂತ ಬರ್ತವೆ. ತಾಯಂದಿರನ್ನ ಕರೆಸ್ತೀನಿ. ಸರಿಯಾದ ತಾರೀಕು ತನ್ನಿ ಅಂತೀನಿ. ತರ್ತಾರೆ."

"ಎಲ್ಲಿಂದ ತರ್ತಾರೆ?"

"ಮೆಸ್ಕೆರೆಮ್ ಒಂದು ಅಂತಾರೆ. ಹೊಸ ವರ್ಷದ ದಿನ. ಪಾಪ, ಒಳ್ಳೆ ದಿನ ಆರಿಸ್ಕೊಂಡು ಬರ್ತಾರೆ. ನಾನೂ ಬರ್ಕೊತೀನಿ, ಮಗುಗೆ ಊಟ ಬರುತ್ತೆ." ಅವನು ಅಂಗೈ ನೋಡಿಕೊಂಡ. "ಒಬ್ಳು ಜಗಳ ಆಡಿದ್ಳು. ಹೆತ್ತವಳು ನಾನು, ಯಾವತ್ತು ಹೆತ್ತೆ ಅಂತ ಮಿಷನ್ನು ಹೇಳುತ್ತಾ ಅಂದ್ಳು. ನಾನಂದೆ, ನೋಡಮ್ಮ, ಮಿಷನ್ನಿಗೆ ಸುಳ್ಳು ಬರಲ್ಲ."

ಎಷ್ಟು ಮಕ್ಕಳನ್ನು ಅವರು ಹುಟ್ಟಿದ ದಿನದಿಂದ ಕೈಹಿಡಿದು ಎಬ್ಬಿಸಿ ಬೇರೆ ದಿನದಲ್ಲಿ ಕೂರಿಸಿದ್ದರೋ ದೇವರೇ ಬಲ್ಲ. ಊಟಕ್ಕಾಗಿ ತಾಯಿಯೊಬ್ಬಳು ತನ್ನ ಹೆರಿಗೆಯ ನೋವನ್ನು ಕಚೇರಿಗೆ ಒಪ್ಪುವ ತಾರೀಕಿಗೆ ಸರಿಸಬೇಕಾಯಿತು. ಬಡವರಿಂದ ಕಿತ್ತುಕೊಳ್ಳಲು ಇನ್ನೇನೂ ಉಳಿಯಲಿಲ್ಲವೆಂದು ಹುಟ್ಟಿದ ದಿನಕ್ಕೇ ಕೈಹಾಕಿತ್ತು ಈ ವ್ಯವಸ್ಥೆ. ಕೈಹಾಕಲು ಬಳಸಿದ ಕೈ ತಿರುವರ್ಕಳದು.

ಬೆಲಾಯ್ನೆಶ್ ಕೆಂಪು ಪೆನ್ನು ಕೊಟ್ಟಳು. ತಿರುವರ್ಕ್ ನಾಲ್ಕನೆಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆದಳು: ತಿಂಗಳು ಹದಿಮೂರಾದರೆ ದಿನ ಆರರೊಳಗಿರಲಿ, ಇದ್ದರೆ ಸಾಲು ಉಳಿಯಲಿ. ಒಂದೇ ಸಾಲು. ಗಟ್ಟಿಯಾಗಿ ಓದಿದಳು. ಐದೂ ಜನ ತಲೆಬಗ್ಗಿಸಿ ಬರೆದುಕೊಂಡರು. ಎಂಡ್ರಿಸ್ ಎರಡು ಸಲ ಬರೆದುಕೊಂಡ, ಕಾಗದದಲ್ಲೊಮ್ಮೆ, ಅಂಗೈಯಲ್ಲೊಮ್ಮೆ.

ಮರುದಿನ ಪಗುಮೆ ಮೂರು, ದೇವದೂತ ರುಫಾಯೇಲನ ಹಬ್ಬದ ದಿನ. ಆ ದಿನ ಬೀಳುವ ಮಳೆ ಮುಗಿಲಿನ ಬಾಗಿಲು ತೆರೆದು ಬರುತ್ತದೆಂದು ಊರಿನ ಕ್ರೈಸ್ತರು ನಂಬುತ್ತಾರೆ, ಮುಸಲ್ಮಾನರ ಮಕ್ಕಳು ನಂಬದೆಯೂ ನೆನೆಯುತ್ತವೆ. ಹನಿ ಬಿದ್ದದ್ದೇ ತಡ, ಬೀದಿಗಳೆಲ್ಲ ಬರಿಮೈ ಮಕ್ಕಳಿಂದ ತುಂಬಿದವು. ಹೆಂಗಸರು ಮಾಡಿನಂಚಿಗೆ ಕೊಡಪಾನ ಹಿಡಿದು ನಿಂತರು. ತಿರುವರ್ಕ್ ಕಚೇರಿಗೆ ಹೊರಟವಳು ಹಳ್ಳದ ಸೇತುವೆಯ ಹತ್ತಿರ ನಿಂತುಬಿಟ್ಟಳು. ಕೊಡೆ ಮಡಿಚಿದಳು. ಏಕೆಂದು ಅವಳಿಗೂ ಗೊತ್ತಿಲ್ಲ.

ಮಳೆಯೂ ಮಂಜೂ ಬೆರೆತು ಸೇತುವೆಯ ಎರಡು ತುದಿಗಳೂ ಕಾಣುತ್ತಿರಲಿಲ್ಲ. ನಡುವಿನದಷ್ಟೇ ಕಾಣುತ್ತಿತ್ತು. ಅಲ್ಲಿ ಜನ ನಿಂತಿದ್ದರು. ಒಬ್ಬ ದರ್ಜಿ, ಕೊರಳಿನಲ್ಲಿ ಅಳತೆಯ ಪಟ್ಟಿ. ಒಬ್ಬಳು ನರ್ಸು, ಒದ್ದೆ ಬೂಟು. ಒಂದೇ ಮುಖದ ಇಬ್ಬರು ಗಂಡಸರು, ಒಬ್ಬನ ಮಾತನ್ನು ಇನ್ನೊಬ್ಬ ಮುಗಿಸುತ್ತ. ಊಟದ ತಟ್ಟೆ ಹಿಡಿದ ಮಕ್ಕಳು. ಆ ಕಡೆ ಹೋಗಲು ಯಾರೋ ಕಾವಲಿನವನು ಬಿಡಲೊಲ್ಲ, ಈ ಕಡೆ ಬರಲು ಹಾದಿ ಮುಚ್ಚಿದೆ. ಯಾರೂ ಸಿಟ್ಟಾಗಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಗಂಟು ಇಟ್ಟುಕೊಂಡು ನಿಂತಿದ್ದರು. ಅವರ ಕಾಲಡಿಯ ಹಲಗೆಗಳು ಐದು. ಐದೇ ಹಲಗೆಯ ಮೇಲೆ ಅಷ್ಟೂ ಜನ. ಅವಳು ಎಣಿಸಲು ಹೊರಟಳು, ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದಳು. ಒಂದು ಕುರಿಮಂದೆ ಗಂಟೆ ಅಲ್ಲಾಡಿಸುತ್ತ ಅವರ ನಡುವೆಯೇ ಹಾದುಬಂದಾಗ ಅಲ್ಲಿ ಯಾರೂ ಇರಲಿಲ್ಲ. ಮಳೆಯಿತ್ತು, ಕುರಿಯವನಿದ್ದ.

"ನೆನೀರಿ ನೆನೀರಿ ಅಕ್ಕಾ," ಎಂದ ಕುರಿಯವನು. "ವರ್ಷದ ಪಾಪವೆಲ್ಲ ಹೋಗುತ್ತೆ."

"ಅಷ್ಟು ಸುಲಭಕ್ಕೆ ಹೋಗುತ್ತಾ?"

"ನಂಗೇನ್ಗೊತ್ತು. ನನ್ನ ಕುರಿಗಳಿಗಂತೂ ಹೋಗುತ್ತೆ."

ಪಗುಮೆ ನಾಲ್ಕರ ಬೆಳಿಗ್ಗೆ ಅವಳು ಆತೋ ಮೆಕುರಿಯಾರ ಕೋಣೆಗೆ ಹೋದಳು. ವಸತಿ ಕಚೇರಿಯ ಮುಖ್ಯಸ್ಥರು, ಆತೋ ಎಂದರೆ ಅಲ್ಲಿ ಶ್ರೀಯುತರು. ಕೆಟ್ಟವರೆಂದು ಯಾರೂ ಹೇಳುತ್ತಿರಲಿಲ್ಲ, ಅವಳ ತಂದೆ ತೀರಿಕೊಂಡಾಗ ಮೂರು ದಿನ ಬಂದು ಸೂತಕದ ಡೇರೆಯಲ್ಲಿ ಕೂತವರು. ಎದುರಿಗೆ ಹುರಿದ ಬಾರ್ಲಿಯ ಬಟ್ಟಲಿತ್ತು. ಅವಳತ್ತ ಸರಿಸಿದರು. ಅವಳು ಮುಟ್ಟಲಿಲ್ಲ. ನೂರಾ ಅರವತ್ತಮೂರು ಹೆಸರಿನ ಹಾಳೆಗಳನ್ನು ಮೇಜಿನ ಮೇಲಿಟ್ಟು, ತಾನು ಮಾಡಿದ್ದನ್ನು ಏನೂ ಮುಚ್ಚದೆ ಹೇಳಿದಳು.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಎರಡು ಸಲ ಕಣ್ಣುಮುಚ್ಚಿ ತೆರೆದರು.

"ಯಾರ್ಯಾರಿಗೆ ಗೊತ್ತು?"

"ನನಗೆ ಗೊತ್ತು. ನಿಮಗೆ ಗೊತ್ತಾಯ್ತು. ಸ್ನೇಹಿತರು ಐದು ಜನಕ್ಕೆ ಗೊತ್ತು."

"ಸ್ನೇಹಿತರಿಗೆ ಯಾಕೆ ಹೇಳೋಕೆ ಹೋದೆ ತಂಗೀ?" ಬೇಸರದಿಂದಲೇ ಕೇಳಿದರು. "ನೋಡು. ಮನೆಗಳ ಕೀಲಿ ಕೊಟ್ಟಾಗಿದೆ. ನಾನೂರು ಸಂಸಾರ ಹಾಸಿಗೆ ಹೊತ್ಕೊಂಡು ಹೋಗಿದಾರೆ. ಈಗ ಚೀಟಿ ತಪ್ಪಾಯ್ತು ಅಂದ್ರೆ ಅವರನ್ನ ಎಬ್ಬಿಸ್ಬೇಕಾ?"

"ಎಬ್ಬಿಸೋದು ಬೇಡ. ಮುಂದಿನ ಬ್ಲಾಕಿನಲ್ಲಿ ಇನ್ನೂರು ಮನೆ ಏಳ್ತಾ ಇದೆ. ಈ ನೂರಾ ಅರವತ್ತಮೂರು ಜನಕ್ಕೆ ಅವರ ಪಾಲಿನ ಚೀಟಿ ಮೊದಲು ಎತ್ತೋಣ. ಅದ್ರಲ್ಲಿ ಮನೆ ಸಿಗದವರು ಕಾಯೋರ ಪಟ್ಟಿಗೆ ಹೋಗ್ಲಿ, ಅವರ ಹನ್ನೆರಡು ವರ್ಷ ಸಮೇತ."

"ಎತ್ತೋದಕ್ಕೆ ಕಾರಣ ಬರೀಬೇಕಲ್ಲ."

"ನಮ್ಮ ತಪ್ಪು ಅಂತ ಬರೀರಿ. ನನ್ನ ತಪ್ಪು ಅಂತ ಬರೀರಿ."

"ನಿನ್ನ ತಪ್ಪು ಅಂದ್ರೆ ನಿನ್ನ ನೌಕರಿ. ಚೀಟಿ ಪಟ್ಟಿ ಮೇಲೆ ಸಹಿ ನಂದು, ಸಹಿ ಅಂದ್ರೆ ನನ್ನ ನೌಕರಿ. ಅಡಿಸ್ ಅಬಾಬಾದಿಂದ ಕಮಿಟಿ ಬರುತ್ತೆ." ಮೆಕುರಿಯಾ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿದರು, ಅವಸರವೇ ಇಲ್ಲದವರ ಹಾಗೆ. "ಬೇರೆ ದಾರಿ ಇದೆ. ಅವರೆಲ್ಲ ಹೊಸ ಅರ್ಜಿ ಹಾಕ್ಲಿ. ಹುಟ್ಟಿದ್ದು ಮೆಸ್ಕೆರೆಮ್ ಒಂದು ಅಂತ ಬರೆಸ್ಲಿ. ಎರಡು ಮೂರು ದಿನದ ವ್ಯತ್ಯಾಸ. ಯಾರಿಗೇನು ನಷ್ಟ?"

"ಹೊಸ ಅರ್ಜಿ ಅಂದ್ರೆ ಸಾಲಿನ ಕೊನೆ. ಎತ್ಯೆ ಲುಬಾಬಾಗೆ ನಿನ್ನೆ ಅರವತ್ತಾಯ್ತು. ಇನ್ನು ಹನ್ನೆರಡು ವರ್ಷ ಆದ್ಮೇಲೆ ಚೀಟಿ ಎತ್ತಿ ಗೋರಿಗೆ ಅಂಟಿಸ್ತೀರಾ?"

"ಗಟ್ಟಿಯಾಗಿ ಮಾತಾಡ್ಬೇಡ."

"ಗಟ್ಟಿಯಾಗಿ ಮಾತಾಡ್ತಿಲ್ಲ. ಕೋಣೆ ಚಿಕ್ಕದು."

ಅವರು ಡ್ರಾಯರಿನಿಂದ ಒಂದು ಕಾಗದ ತೆಗೆದರು. ಮೊದಲೇ ಟೈಪಾಗಿತ್ತು. ಹಾಗಾದರೆ ತಾನು ಬರುವ ಮೊದಲೇ ಇವರ ಕಿವಿಗೆ ಬಿದ್ದಿತ್ತು ಎಂದು ಅವಳಿಗೆ ಅರ್ಥವಾಯಿತು. ಅಷ್ಟು ಹೊತ್ತು ಕಣ್ಣುಮುಚ್ಚಿ ತೆರೆದದ್ದು ಬರಿಯ ಮರ್ಯಾದೆಗೆ. ಕಾಗದದಲ್ಲಿ ಹೀಗಿತ್ತು: ನೂರಾ ಅರವತ್ತಮೂರು ಅರ್ಜಿದಾರರು ತಮ್ಮ ಹುಟ್ಟಿದ ದಿನವನ್ನು ತಪ್ಪಾಗಿ ಕೊಟ್ಟಿರುವುದರಿಂದ ಅವರ ಅರ್ಜಿಗಳು ನಿಯಮದ ಪ್ರಕಾರ ಬಿದ್ದುಹೋಗಿವೆ. ಕೆಳಗೆ ಅವಳ ಹೆಸರು, ಸಹಿಗೆ ಜಾಗ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಆ ವಾಕ್ಯದಲ್ಲಿ ಲುಬಾಬಾಳ ತಾಯಿ ಸುಳ್ಳುಗಾತಿಯಾಗಿದ್ದಳು, ಸೋರುವ ಮಾಡಿನ ಕೆಳಗೆ ಹೆತ್ತದ್ದೂ ಸುಳ್ಳು. ನೂರಾ ಅರವತ್ತಮೂರು ತಾಯಂದಿರು ಅಲ್ಲಿ ಸುಳ್ಳು ಹೇಳುತ್ತಿದ್ದರು. ಎಂಟು ಸಾಲಿನ ಸ್ಕ್ರಿಪ್ಟ್ ಮಾತ್ರ ಸತ್ಯವಂತ.

"ಇದಕ್ಕೆ ಸಹಿ ಮಾಡು," ಎಂದರು ಮೆಕುರಿಯಾ. ದನಿ ತಂದೆಯದೇ. "ಆಮೇಲೆ ಆ ಉಳಿಕೆ ಫೈಲು ಅಳಿಸು. ನಿನಗೂ ಒಳ್ಳೇದು, ನನಗೂ ಒಳ್ಳೇದು. ಹೊಸ ವರ್ಷ ಬರ್ತಾ ಇದೆ, ಮನೇಲಿ ಹಬ್ಬ ಮಾಡು."

ಅವಳು ಕಾಗದವನ್ನು ತಿರುಗಿಸಿ ಅವರ ಕಡೆಗೇ ಸರಿಸಿದಳು. "ಅವರು ತಪ್ಪು ಕೊಟ್ಟಿಲ್ಲ."

"ಸರಿ. ಸಹಿ ಆಮೇಲೆ ನೋಡೋಣ." ಎದ್ದು ಅವಳ ಮುಂದೆ ನಡೆದರು. ಅವಳು ಹಿಂದೆ ಹೋದಳು. ಕಂಪ್ಯೂಟರ್ ಕೋಣೆಯಲ್ಲಿ ಕುರ್ಚಿ ಎಳೆದು ತಾವೇ ಅವಳ ಜಾಗದಲ್ಲಿ ಕೂತರು. ಕಿಟಕಿಯಾಚೆ ಮಂಜು ಸ್ವಲ್ಪ ತೆಳುವಾಗಿತ್ತು. ಹೊರಗೆ ನಾಲ್ಕೈದು ಜನ ನಿಂತಿದ್ದರು, ಲುಬಾಬಾ ತನ್ನ ಜೊತೆಗೆ ಬೇರೆಯವರನ್ನೂ ಕರೆತಂದಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಬೆಳಕು ಬಂತು. ಪಾಸ್‌ವರ್ಡ್ ಕೇಳಿತು.

"ನಿನ್ನ ಕೈಯಿಂದ ಬೇಡ ಅಂದ್ರೆ ನಾನೇ ಅಳಿಸ್ತೀನಿ," ಎಂದರು. "ಪಾಪ ನಂಗಿರ್ಲಿ. ಪಾಸ್‌ವರ್ಡ್ ಹೇಳು."

"ಹೇಳಲ್ಲ."

"ತಿರುವರ್ಕ್. ಇದು ಕಚೇರಿಯ ಮಿಷನ್ನು, ನಿನ್ನದಲ್ಲ. ನಿನ್ನ ಮೇಲಿನವನು ಕೇಳ್ತಿದೀನಿ. ಹೇಳು."

ಅವಳು ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡು ಗೋಡೆಗೆ ಒರಗಿ ನಿಂತಳು.

"ಹೇಳಲ್ಲ ಆತೋ ಮೆಕುರಿಯಾ. ಇವತ್ತೂ ಹೇಳಲ್ಲ, ನಾಳೆನೂ ಹೇಳಲ್ಲ."